ನಾಟಕದಲ್ಲಿ ಉಕ್ತಿಭೇದವೂ ಶ್ರವಣಭೇದವೂ

೧

ಸಂಸ್ಕೃತ ನಾಟಕವನ್ನು ಪಾಠ ಹೇಳುವ ಉಪಾಧ್ಯಾಯರೆಲ್ಲರೂ ಮೊದಲನೆಯ ಅಂಕದಲ್ಲಿಯೇ ಪ್ರಕಾಶ, ಸ್ವಗತ, ಜನಾಂತಿಕ, ಅಪವಾರಿತ, ಆಕಾಶಭಾಷಿತ ಎಂಬ ಐದು ಹೆಸರುಗಳನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾಗುತ್ತದೆ. ತಿಳಿಸಿ, ಒಂದೊಂದಕ್ಕೂ ಒಂದೊಂದು ಲಕ್ಷಣವನ್ನು ಬರೆಯಿಸಿ, ಮುಂದಿನ ಶ್ಲೋಕದ ಅನ್ವಯಕ್ಕೆ ತೊಡಗುವುದು ರೂಢಿ. ಅಲ್ಲಿಂದಾಚೆಗೆ ಆ ಹೆಸರುಗಳು ಕಂಸಗಳೊಳಗೆ ಸೆರೆಯಾಗಿ, ಓದುವವನ ಕಣ್ಣು ನಿಲ್ಲದೆ ದಾಟಿಹೋಗುವ ಬರಿಯ ಗುರುತುಗಳಾಗಿ ಉಳಿಯುತ್ತವೆ. ಇನ್ನೊಂದು ಕಡೆಯಲ್ಲಿ, ಪಾಶ್ಚಾತ್ಯರ ವಾಸ್ತವ ನಾಟಕಗಳನ್ನು ಓದಿ ಬೆಳೆದ ವಿಮರ್ಶಕರು ಈ ಭೇದಗಳನ್ನು ರಂಗಭೂಮಿಯ ಬಾಲ್ಯಾವಸ್ಥೆಯ ಚಿಹ್ನೆಗಳೆಂದು ಎಣಿಸುವುದುಂಟು. ಮೂರು ಮೊಳದ ದೂರದಲ್ಲಿ ನಿಂತ ಪಾತ್ರಕ್ಕೆ ಕೇಳಿಸದ ಮಾತು, ನೂರು ಮೊಳದಾಚೆ ಕುಳಿತ ಪ್ರೇಕ್ಷಕನಿಗೆ ಕೇಳಿಸುವುದೆಂದರೇನು ಎಂಬುದು ಅವರ ಆಕ್ಷೇಪ.

ಮೊದಲಿನವರ ಉದಾಸೀನವೂ ಎರಡನೆಯವರ ಆಕ್ಷೇಪವೂ ಒಂದೇ ತಪ್ಪಿನಿಂದ ಹುಟ್ಟಿವೆ ಎಂದು ತೋರಿಸುವುದು ಈ ಲೇಖನದ ಉದ್ದೇಶ. ಇಬ್ಬರೂ ಉಕ್ತಿಭೇದಗಳನ್ನು ಆಡುವವನ ಬಾಯಿಂದ ಅಳೆಯುತ್ತಾರೆ. ನಮ್ಮ ಲಾಕ್ಷಣಿಕರು ಅವನ್ನು ಕೇಳುವವನ ಕಿವಿಯಿಂದ ಅಳೆದರು. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ನಾಟಕವನ್ನು ಓದಿದರೆ, ಕಂಸದೊಳಗಿನ ಆ ಸಣ್ಣ ಪದವು ಕಥೆಯ ಗಂಟನ್ನೇ ಹಿಡಿದಿರುವುದು ಕಾಣುತ್ತದೆ.

೨

ದಶರೂಪಕವನ್ನು ಬರೆದ ಧನಂಜಯನು ಹತ್ತನೆಯ ಶತಮಾನದ ಕೊನೆಯಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದವನು. ಆತನು ತನ್ನ ಗ್ರಂಥದ ಮೊದಲನೆಯ ಪ್ರಕಾಶದಲ್ಲಿ ನಾಟಕದ ವಸ್ತುವನ್ನು ಹಲವು ಬಗೆಯಾಗಿ ವಿಭಾಗಿಸಿ, ಕೊನೆಗೆ ನಾಟ್ಯಧರ್ಮವನ್ನು ಅನುಸರಿಸಿ ಇನ್ನೊಂದು ವಿಭಾಗವನ್ನು ಹೇಳುತ್ತಾನೆ. ಎಲ್ಲರೂ ಕೇಳತಕ್ಕದ್ದು, ಗೊತ್ತಾದ ಕೆಲವರು ಮಾತ್ರ ಕೇಳತಕ್ಕದ್ದು, ಯಾರೂ ಕೇಳಬಾರದ್ದು ಎಂದು ಅದು ಮೂರು ವಿಧ. ಸರ್ವಶ್ರಾವ್ಯವು ಪ್ರಕಾಶ; ಅಶ್ರಾವ್ಯವು ಸ್ವಗತ; ನಿಯತಶ್ರಾವ್ಯದಲ್ಲಿ ಜನಾಂತಿಕವೆಂದೂ ಅಪವಾರಿತವೆಂದೂ ಎರಡು ಬಗೆ. ತ್ರಿಪತಾಕ ಹಸ್ತವನ್ನು, ಎಂದರೆ ಅನಾಮಿಕೆಯನ್ನು ಮಡಿಸಿ ಉಳಿದ ಬೆರಳುಗಳನ್ನು ನೆಟ್ಟಗೆ ಎತ್ತಿದ ಕೈಯನ್ನು, ಅಡ್ಡ ಹಿಡಿದು, ಸುತ್ತಣ ಜನರ ನಡುವೆಯೇ ಇಬ್ಬರು ಪರಸ್ಪರ ಮಾತನಾಡಿಕೊಳ್ಳುವುದು ಜನಾಂತಿಕ. ಅತ್ತ ತಿರುಗಿ ಇನ್ನೊಬ್ಬನಿಗೆ ರಹಸ್ಯವನ್ನು ಹೇಳುವುದು ಅಪವಾರಿತ. ರಂಗದ ಮೇಲೆ ಇಲ್ಲದ ಪಾತ್ರವು ಏನನ್ನೋ ಹೇಳಿದಂತೆ, ಅದನ್ನು ತಾನು ಕೇಳಿದಂತೆ, ಒಬ್ಬನೇ ಪ್ರಶ್ನೋತ್ತರ ಮಾಡುವುದು ಆಕಾಶಭಾಷಿತ. ಹದಿನಾಲ್ಕನೆಯ ಶತಮಾನದ ವಿಶ್ವನಾಥನೂ ಸಾಹಿತ್ಯದರ್ಪಣದಲ್ಲಿ ಬಹುಮಟ್ಟಿಗೆ ಇದನ್ನೇ ಅನುಸರಿಸಿದ್ದಾನೆ.

ಇಲ್ಲಿ ವಿಭಾಗದ ಆಧಾರವನ್ನು ಗಮನಿಸಬೇಕು. ಮಾತು ದೀರ್ಘವೋ ಹ್ರಸ್ವವೋ, ಪದ್ಯವೋ ಗದ್ಯವೋ, ಆಡುವವನು ಒಬ್ಬನೇ ಇದ್ದಾನೆಯೋ ನಾಲ್ವರ ನಡುವೆ ಇದ್ದಾನೆಯೋ ಎಂಬುದು ಯಾವುದೂ ಇಲ್ಲಿ ಗಣನೆಗೆ ಬಂದಿಲ್ಲ. ಶ್ರಾವ್ಯತೆಯೊಂದೇ ಗಣನೆಗೆ ಬಂದಿದೆ. ಇಂಗ್ಲಿಷಿನಲ್ಲಿ ‘ಸಾಲಿಲಕ್ವಿ’ ಎಂಬ ಪದವು ಒಂಟಿಯಾಗಿ ಆಡುವುದನ್ನು ಸೂಚಿಸುತ್ತದೆ, ‘ಅಸೈಡ್’ ಎಂಬುದು ಪಕ್ಕಕ್ಕೆ ಸರಿಯುವುದನ್ನು ಸೂಚಿಸುತ್ತದೆ. ಎರಡೂ ಆಡುವವನ ನಿಲವನ್ನು ಹೇಳುವ ಪದಗಳು. ಸ್ವಗತ, ಜನಾಂತಿಕ, ಅಪವಾರಿತ ಮೂರನ್ನೂ ‘ಅಸೈಡ್’ ಎಂಬ ಒಂದೇ ಪದದಿಂದ ಭಾಷಾಂತರಿಸಿದಾಗ, ಯಾರಿಂದ ಮರೆಮಾಡಿದ್ದು, ಯಾರಿಗೆ ಹಂಚಿದ್ದು ಎಂಬ ವಿವರವೇ ಬಿಟ್ಟುಹೋಗುತ್ತದೆ. ಕನ್ನಡದಲ್ಲಿ ಎಲ್ಲಕ್ಕೂ ‘ತನ್ನಲ್ಲಿ’ ಎಂದು ಬರೆದರೂ ಇದೇ ನಷ್ಟ.

ಇನ್ನು ಅಸ್ವಾಭಾವಿಕತೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ಭರತನ ನಾಟ್ಯಶಾಸ್ತ್ರದಲ್ಲಿಯೇ ಕಾಣಬಹುದು. ಲೋಕಧರ್ಮಿ, ನಾಟ್ಯಧರ್ಮಿ ಎಂಬ ಎರಡು ಪದ್ಧತಿಗಳನ್ನು ವಿವರಿಸುವಾಗ, ಹತ್ತಿರದಲ್ಲಿ ಆಡಿದ ಮಾತನ್ನು ಪರಸ್ಪರ ಕೇಳದಿರುವುದನ್ನೂ, ಆಡದೆ ಇದ್ದ ಮಾತನ್ನು ಕೇಳುವುದನ್ನೂ ಆ ಗ್ರಂಥವು ಸ್ಪಷ್ಟವಾಗಿ ನಾಟ್ಯಧರ್ಮಿಗೆ ಸೇರಿಸುತ್ತದೆ. ಎಂದರೆ, ಇದು ಲೋಕದಲ್ಲಿ ನಡೆಯುವ ರೀತಿಯಲ್ಲವೆಂಬುದು ಪ್ರಾಚೀನರಿಗೆ ತಿಳಿಯದೆ ಇರಲಿಲ್ಲ. ತಿಳಿದೇ ಅವರು ಅದನ್ನು ಇಟ್ಟುಕೊಂಡರು. ಆದಕಾರಣ ನಾವು ಕೇಳಬೇಕಾದ ಪ್ರಶ್ನೆ ಇದು ಸ್ವಾಭಾವಿಕವೇ ಎಂಬುದಲ್ಲ. ಇದನ್ನು ಇಟ್ಟುಕೊಂಡು ಅವರು ಸಾಧಿಸಿದ್ದೇನು ಎಂಬುದು.

ಈ ವಿಭಾಗದಲ್ಲಿ ಹೆಸರಿಸದೆ ಬಿಟ್ಟ ಒಬ್ಬ ಶ್ರೋತೃವಿದ್ದಾನೆ. ಅವನೇ ಸಾಮಾಜಿಕ. ಅಶ್ರಾವ್ಯವೆಂದು ಲಾಕ್ಷಣಿಕನು ಹೇಳುವ ಸ್ವಗತವು ಅವನಿಗೆ ಶ್ರಾವ್ಯ. ನಿಯತಶ್ರಾವ್ಯವೂ ಅವನಿಗೆ ಶ್ರಾವ್ಯ. ರಂಗದಲ್ಲಿರುವವರಿಗೆ ಮಾತು ತುಂಡುತುಂಡಾಗಿ ಹಂಚಿಹೋಗುತ್ತದೆ; ಎಲ್ಲ ತುಂಡುಗಳೂ ಒಟ್ಟುಗೂಡುವುದು ಸಭೆಯಲ್ಲಿ ಕುಳಿತವನಲ್ಲಿ. ಉಕ್ತಿಭೇದವೆಂದರೆ ತಿಳಿವಳಿಕೆಯ ಹಂಚಿಕೆ. ಯಾವ ಪಾತ್ರಕ್ಕೆ ಎಷ್ಟು ಗೊತ್ತು, ನಮಗೆ ಎಷ್ಟು ಗೊತ್ತು ಎಂಬ ಈ ಎರಡರ ಅಂತರದಲ್ಲಿ ನಾಟಕದ ಕುತೂಹಲ, ಕರುಣೆ, ಹಾಸ್ಯಗಳೆಲ್ಲವೂ ಹುಟ್ಟುತ್ತವೆ.

೩

ಈ ಮಾತನ್ನು ಪರೀಕ್ಷಿಸಲು ವಿಶಾಖದತ್ತನ ಮುದ್ರಾರಾಕ್ಷಸಕ್ಕಿಂತ ತಕ್ಕ ನಾಟಕವಿಲ್ಲ. ಅದರಲ್ಲಿ ಯುದ್ಧವಿಲ್ಲ, ಶೃಂಗಾರವಿಲ್ಲ. ಯಾರು ಏನನ್ನು ತಿಳಿದರು ಎಂಬುದೊಂದೇ ಅಲ್ಲಿನ ಕಥೆ. ನಂದರ ಅಮಾತ್ಯನಾದ ರಾಕ್ಷಸನನ್ನು ಕೊಲ್ಲದೆ, ಅವನು ತಾನಾಗಿಯೇ ಚಂದ್ರಗುಪ್ತನ ಮಂತ್ರಿತ್ವವನ್ನು ಒಪ್ಪುವಂತೆ ಮಾಡುವುದು ಚಾಣಕ್ಯನ ಗುರಿ. ಕನ್ನಡಿಗರಿಗೂ ಈ ಕಥೆ ಹೊಸದಲ್ಲ. ಕೆಂಪುನಾರಾಯಣನು ೧೮೨೩ರಲ್ಲಿಯೇ ಇದನ್ನು ಮುದ್ರಾಮಂಜೂಷವೆಂಬ ಗದ್ಯಗ್ರಂಥವಾಗಿ ನಮಗೆ ಕೊಟ್ಟಿದ್ದಾನೆ. ಗದ್ಯಕಥನದಲ್ಲಿ ಎಲ್ಲವನ್ನೂ ತಿಳಿದ ಕಥೆಗಾರನೊಬ್ಬನಿರುತ್ತಾನೆ, ಪಾತ್ರದ ಅಂತರಂಗವನ್ನು ಅವನೇ ಹೇಳಿಬಿಡಬಹುದು. ನಾಟಕಕಾರನಿಗೆ ಆ ಸೌಕರ್ಯವಿಲ್ಲ; ಅವನ ಕೈಯಲ್ಲಿರುವುದು ಉಕ್ತಿಭೇದವೊಂದೇ.

ಮೊದಲನೆಯ ಅಂಕದ ಕೊನೆಯ ಭಾಗವನ್ನು ನೋಡಬಹುದು. ಶೂಲಕ್ಕೆ ಹೋಗಬೇಕಾಗಿದ್ದ ಶಕಟದಾಸನನ್ನು ಸಿದ್ಧಾರ್ಥಕನು ವಧ್ಯಸ್ಥಾನದಿಂದ ಬಿಡಿಸಿಕೊಂಡು ಓಡಿಹೋದನೆಂದು ಶಿಷ್ಯನು ಗಾಬರಿಯಿಂದ ಬಂದು ಹೇಳುತ್ತಾನೆ. ಚಾಣಕ್ಯನು ಸ್ವಗತದಲ್ಲಿ ಸಿದ್ಧಾರ್ಥಕನನ್ನು ಮೆಚ್ಚಿಕೊಂಡು, ಕಾರ್ಯಾರಂಭವಾಯಿತೆಂದುಕೊಳ್ಳುತ್ತಾನೆ. ಪ್ರಕಾಶದಲ್ಲಿ ಸಿಟ್ಟುಗೊಂಡು, ಅವನನ್ನು ಬೆನ್ನಟ್ಟುವಂತೆ ಭಾಗುರಾಯಣನಿಗೆ ಹೇಳಕಳುಹಿಸುತ್ತಾನೆ. ಭಾಗುರಾಯಣನೂ ಓಡಿಹೋದನೆಂದು ಶಿಷ್ಯನು ತಿರುಗಿ ಬಂದು ಹೇಳುತ್ತಾನೆ. ಸ್ವಗತದಲ್ಲಿ, ಹೋಗಲಿ, ಕಾರ್ಯ ಕೈಗೂಡಲಿ ಎಂಬ ಹಾರೈಕೆ. ಪ್ರಕಾಶದಲ್ಲಿ ಮತ್ತೆ ಕೋಪ, ಮತ್ತೊಂದು ಅಪ್ಪಣೆ. ಅಪ್ಪಣೆ ಪಡೆಯಬೇಕಾದವರೂ ಆಗಲೇ ಹೊರಟುಹೋಗಿದ್ದಾರೆ. ಒಂದೇ ಬಾಯಿಂದ ಒಂದೇ ಉಸಿರಿನಲ್ಲಿ ಎರಡು ಮಾತು ಬರುತ್ತವೆ. ಎರಡನ್ನೂ ಕೇಳುವವರು ನಾವು ಮಾತ್ರ. ಈ ಸ್ವಗತಗಳನ್ನು ತೆಗೆದುಹಾಕಿದರೆ ಉಳಿಯುವುದು ತನ್ನ ಜನರೆಲ್ಲರೂ ಕೈಬಿಟ್ಟುಹೋದ ಒಬ್ಬ ವಿಫಲ ಮಂತ್ರಿಯ ಚಿತ್ರ. ಆ ಶಿಷ್ಯನು ಕಾಣುವುದು ಆ ಚಿತ್ರವನ್ನೇ. ನಾವು ಕಾಣುವುದು ಅದಕ್ಕೆ ನೇರವಾಗಿ ವಿರುದ್ಧವಾದುದನ್ನು.

ಮೂರನೆಯ ಅಂಕದ ಕೃತಕಕಲಹದಲ್ಲಿ ಈ ಉಪಾಯವು ಇನ್ನೂ ಸೂಕ್ಷ್ಮವಾಗುತ್ತದೆ. ಚಂದ್ರಗುಪ್ತನೂ ಚಾಣಕ್ಯನೂ ಮೊದಲೇ ಗೊತ್ತುಮಾಡಿಕೊಂಡು ಜಗಳವಾಡುತ್ತಾರೆ. ಚಾಣಕ್ಯನ ಕೋಪವು ಏರಿದಾಗ ಚಂದ್ರಗುಪ್ತನು ಸ್ವಗತದಲ್ಲಿ, ಆರ್ಯನು ನಿಜವಾಗಿಯೇ ಕೋಪಿಸಿಕೊಂಡನೋ ಎಂದು ಅಳುಕುತ್ತಾನೆ. ಸುಳ್ಳು ಜಗಳದ ಪಾಲುಗಾರನಿಗೇ ಜಗಳದ ಸುಳ್ಳಿನಲ್ಲಿ ಸಂದೇಹ ಹುಟ್ಟಿತು. ಇತ್ತ ಕಂಚುಕಿಗೆ ಒಳಗುಟ್ಟು ತಿಳಿಯದು. ರಾಜನು ‘ಆರ್ಯ’ ಎಂಬ ವಿಶೇಷಣವನ್ನು ಬಿಟ್ಟು ಬರಿಯ ‘ಚಾಣಕ್ಯ’ ಎಂದುದನ್ನು ಕೇಳಿ, ಅಧಿಕಾರವನ್ನು ನಿಜವಾಗಿಯೇ ಕಿತ್ತುಕೊಂಡರೆಂದು ಅವನು ತನ್ನೊಳಗೆ ನಿಶ್ಚಯಿಸುತ್ತಾನೆ. ಎರಡೂ ಸ್ವಗತಗಳೇ, ಒಂದು ಸತ್ಯವನ್ನು ಬಲ್ಲವನ ಸಂದೇಹ, ಇನ್ನೊಂದು ಸತ್ಯವನ್ನು ಅರಿಯದವನ ನಿಶ್ಚಯ. ಅಂಕದ ಕೊನೆಗೆ, ಗುರುವಿನ ಅಪ್ಪಣೆಯಿಂದಲೇ ಗುರುವಿನ ಗೌರವವನ್ನು ಮೀರಿದ್ದರೂ ತನಗೆ ನೆಲದೊಳಗೆ ಹುದುಗಿಕೊಳ್ಳುವಂತಾಗಿದೆ ಎಂದು ಚಂದ್ರಗುಪ್ತನು ಕೊರಗುತ್ತಾನೆ. ಪ್ರಕಾಶದಲ್ಲಿ ರಾಜಕಾರಣ, ಸ್ವಗತದಲ್ಲಿ ಮನುಷ್ಯಹೃದಯ. ಈ ಕೊರಗನ್ನು ಚಾಣಕ್ಯನು ಕೂಡ ಕೇಳಲಾರನು.

೪

ಇಷ್ಟರಿಂದ ಸ್ವಗತವು ಸಾಮಾಜಿಕನನ್ನು ಪಾತ್ರದ ಅಂತರಂಗಕ್ಕೆ ಸೇರಿಸಿಕೊಳ್ಳುವ ಸಾಧನವೆಂದು ಸಿದ್ಧವಾಯಿತು. ಆದರೆ ವಿಶಾಖದತ್ತನು ಇಲ್ಲಿಗೆ ನಿಲ್ಲಿಸಲಿಲ್ಲ. ಮೊದಲನೆಯ ಅಂಕದಲ್ಲಿ ಚಾಣಕ್ಯನು ಸಿದ್ಧಾರ್ಥಕನಿಗೆ ಕೆಲಸವನ್ನು ಒಪ್ಪಿಸುವ ಸಂದರ್ಭವನ್ನು ನೆನೆಯಬೇಕು. ವಧ್ಯಸ್ಥಾನಕ್ಕೆ ಹೋಗುವುದು, ಕೊಲೆಗಾರರಿಗೆ ಕಣ್ಸನ್ನೆ ಮಾಡುವುದು, ಶಕಟದಾಸನನ್ನು ರಾಕ್ಷಸನ ಬಳಿಗೆ ಮುಟ್ಟಿಸುವುದು, ಅವನಿಂದ ಪಾರಿತೋಷಿಕವನ್ನು ಪಡೆಯುವುದು, ಕೆಲವು ಕಾಲ ಅವನನ್ನೇ ಸೇವಿಸುವುದು, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತಾನೆ. ಶತ್ರುಗಳು ಸಮೀಪಕ್ಕೆ ಬಂದಾಗ ಮಾಡಬೇಕಾದ ಕಡೆಯ ಕೆಲಸವನ್ನು ಮಾತ್ರ ಕಿವಿಯಲ್ಲಿ ಹೇಳುತ್ತಾನೆ. ರಂಗಸೂಚನೆ ‘ಕರ್ಣೇ’ ಎಂದು. ನಮಗೆ ಕೇಳಿಸುವುದು ‘ಹೀಗೆ ಹೀಗೆ’ ಎಂಬರ್ಥದ ಮಾತಷ್ಟೆ.

ಇದು ಧನಂಜಯನ ವಿಭಾಗದಲ್ಲಿ ಎಲ್ಲಿಯೂ ಸೇರದು. ರಂಗದಲ್ಲಿರುವ ಒಬ್ಬನಿಗೆ ಶ್ರಾವ್ಯ, ಸಾಮಾಜಿಕನಿಗೆ ಅಶ್ರಾವ್ಯ. ಕಿವಿಯಲ್ಲಿ ಹೇಳುವ ಕ್ರಮವನ್ನು ನಾಟ್ಯಶಾಸ್ತ್ರವು ತಿಳಿಸುತ್ತದೆ. ಒಮ್ಮೆ ತಿಳಿದ ವಿಷಯವನ್ನು ಮತ್ತೆ ಹೇಳುವ ಪುನರುಕ್ತಿಯನ್ನು ತಪ್ಪಿಸುವುದು ಅಲ್ಲಿ ಅದರ ಒಂದು ಪ್ರಯೋಜನ. ಆದರೆ ಇಲ್ಲಿ ಹೇಳಿದ್ದನ್ನು ನಾವು ಮೊದಲು ಕೇಳಿಲ್ಲ. ವಿಶಾಖದತ್ತನು ಒಂದು ಸಾಮಾನ್ಯ ಸೌಕರ್ಯವನ್ನು ಸಂವಿಧಾನದ ಕೀಲಾಗಿ ಮಾಡಿದನು. ಆ ಪಿಸುಮಾತಿನ ಅರ್ಥವು ನಮಗೆ ತಿಳಿಯುವುದು ಐದನೆಯ ಅಂಕದಲ್ಲಿ. ರಾಕ್ಷಸನ ಮುದ್ರೆಯುಳ್ಳ ಪತ್ರದೊಡನೆಯೂ ಆಭರಣಗಳ ಪೆಟ್ಟಿಗೆಯೊಡನೆಯೂ ಸಿದ್ಧಾರ್ಥಕನು ಬೇಕೆಂದೇ ಸಿಕ್ಕಿಬೀಳುತ್ತಾನೆ. ಏಟು ತಿಂದು ‘ಒಪ್ಪಿಕೊಳ್ಳುತ್ತಾನೆ’. ಮಲಯಕೇತುವು ರಾಕ್ಷಸನನ್ನು ದ್ರೋಹಿಯೆಂದು ನಂಬಿ, ತನ್ನ ಮಿತ್ರರಾದ ಐವರು ರಾಜರನ್ನು ಕೊಲ್ಲಿಸುತ್ತಾನೆ. ನಾಲ್ಕು ಅಂಕಗಳವರೆಗೆ ಚಾಣಕ್ಯನ ಸ್ವಗತಗಳನ್ನು ಕೇಳಿ ಅವನ ಮನಸ್ಸನ್ನೆಲ್ಲ ಬಲ್ಲೆವೆಂದು ಕುಳಿತಿದ್ದ ನಾವು, ಒಂದು ತುಂಡು ನಮಗೂ ಸಿಕ್ಕಿರಲಿಲ್ಲವೆಂದು ಆಗ ಅರಿಯುತ್ತೇವೆ.

ಷೇಕ್ಸ್‌ಪಿಯರನ ಒಥೆಲೋ ನಾಟಕದೊಡನೆ ಇದನ್ನು ಹೋಲಿಸಬಹುದು. ಬಸವಪ್ಪಶಾಸ್ತ್ರಿಗಳು ಶೂರಸೇನ ಚರಿತ್ರೆಯೆಂದು ಕನ್ನಡಕ್ಕೆ ತಂದದ್ದು ಈ ನಾಟಕವನ್ನೇ. ಇಯಾಗೋ ರಂಗದಲ್ಲಿ ಯಾರಿಗೂ ಹೇಳದ್ದನ್ನು ಸಭೆಗೆ ಹೇಳಿಕೊಳ್ಳುತ್ತಾನೆ. ಅವನ ಕೇಡಿಗೆ ನಾವು ಮೂಕಸಾಕ್ಷಿಗಳಾಗುತ್ತೇವೆ, ಆ ಸಾಕ್ಷಿತ್ವವೇ ನಮ್ಮ ಸಂಕಟ. ಚಾಣಕ್ಯನು ನಮ್ಮನ್ನೂ ಪೂರ್ತಿಯಾಗಿ ನಂಬುವುದಿಲ್ಲ. ಮೊದಲನೆಯದರಲ್ಲಿ ಎಲ್ಲವನ್ನೂ ತಿಳಿದೂ ಏನನ್ನೂ ಮಾಡಲಾರದ ವ್ಯಥೆ. ಎರಡನೆಯದರಲ್ಲಿ ತಿಳಿದೆವೆಂದುಕೊಂಡವರೂ ಬೆರಗಾಗುವ ಅದ್ಭುತ. ಎರಡು ನಾಟಕಗಳ ರಸಭೇದವು ಈ ಶ್ರವಣಭೇದದಲ್ಲಿಯೇ ಬೇರೂರಿದೆ.

ಎರಡಕ್ಕೂ ಸಮಾನವಾದ ಇನ್ನೊಂದು ಪ್ರಕಾರವೂ ಶಾಸ್ತ್ರದ ಈ ಪಟ್ಟಿಯಲ್ಲಿಲ್ಲ. ಆಡುವವನು ಒಬ್ಬನಿಗೆಂದು ಆಡಿದ್ದನ್ನು ಮರೆಯಲ್ಲಿ ನಿಂತ ಇನ್ನೊಬ್ಬನು ಕೇಳುವುದು. ಇದನ್ನು ಪ್ರಚ್ಛನ್ನಶ್ರವಣವೆಂದು ಕರೆಯಬಹುದು. ನಾಲ್ಕನೆಯ ಅಂಕದಲ್ಲಿ ಮಲಯಕೇತುವು ಭಾಗುರಾಯಣನೊಡನೆ ಮರೆಯಲ್ಲಿ ನಿಂತು, ರಾಕ್ಷಸನು ತನ್ನ ಚಾರನಾದ ಕರಭಕನೊಡನೆ ಆಡುವ ಮಾತನ್ನು ಕೇಳುತ್ತಾನೆ. ಚಾಣಕ್ಯನು ಅಧಿಕಾರದಿಂದ ಇಳಿದನೆಂಬ ಸುದ್ದಿಗೆ ಹಿಗ್ಗಿದ ರಾಕ್ಷಸನು, ಇನ್ನು ಚಂದ್ರಗುಪ್ತನು ತನ್ನ ಕೈಗೆ ಸಿಕ್ಕಿದನೆಂಬರ್ಥದ ಮಾತನ್ನಾಡುತ್ತಾನೆ. ಅದು ಗೆಲುವಿನ ಮಾತು. ಭಾಗುರಾಯಣನು ಅದನ್ನೇ ಸಂಧಿಯ ಮಾತೆಂದು ಮಲಯಕೇತುವಿಗೆ ಬಿಡಿಸಿಹೇಳುತ್ತಾನೆ. ಒಥೆಲೋವೂ ಇಯಾಗೋವಿನ ಏರ್ಪಾಟಿನಂತೆ ಮರೆಯಲ್ಲಿ ನಿಂತು ಕ್ಯಾಸಿಯೋವಿನ ನಗೆಯನ್ನು ತನ್ನ ಹೆಂಡತಿಯ ವಿಷಯವೆಂದು ತಿಳಿಯುತ್ತಾನೆ. ಎರಡೂ ಕಡೆ ಕಿವಿಗೆ ಬಿದ್ದ ಶಬ್ದ ನಿಜವಾದುದು, ಅರ್ಥಮಾತ್ರ ಇನ್ನೊಬ್ಬನದು. ಕೇಳುವುದು ಬೇರೆ, ತಿಳಿಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನವುಂಟೆ?

೫

ರಾಜಕೀಯ ನಾಟಕದಲ್ಲಿ ಮಾತನ್ನು ಮರೆಮಾಡುವುದು ಸಹಜ, ಉಳಿದೆಡೆಯಲ್ಲಿ ಈ ಭೇದಗಳಿಗೆ ಅಷ್ಟು ಬೆಲೆಯಿಲ್ಲ ಎಂದು ಯಾರಾದರೂ ಹೇಳಬಹುದು. ಕಾಳಿದಾಸನ ಶಾಕುಂತಲವು ಆ ಸಂದೇಹವನ್ನು ಪರಿಹರಿಸುತ್ತದೆ. ಮೊದಲನೆಯ ಅಂಕದಲ್ಲಿ ದುಷ್ಯಂತನು ಮರೆಯಲ್ಲಿ ನಿಂತು ಸಖಿಯರ ಸರಸವನ್ನು ಕೇಳುತ್ತಾನೆ. ಅವನು ಎದುರಿಗೆ ಬಂದಮೇಲೆ ಶಕುಂತಲೆಯು ತಪೋವನಕ್ಕೆ ವಿರುದ್ಧವಾದ ವಿಕಾರವು ತನಗೇಕೆ ಉಂಟಾಯಿತೆಂದು ಸ್ವಗತದಲ್ಲಿ ಕೇಳಿಕೊಳ್ಳುತ್ತಾಳೆ. ಯಾರೆಂದು ಅನಸೂಯೆ ವಿಚಾರಿಸಿದಾಗ ರಾಜನು, ತನ್ನನ್ನು ಹೇಗೆ ತಿಳಿಸಿಕೊಳ್ಳಲಿ, ಹೇಗೆ ಮರೆಸಿಕೊಳ್ಳಲಿ ಎಂದು ಸ್ವಗತದಲ್ಲಿ ತೊಳಲಿ, ಪ್ರಕಾಶದಲ್ಲಿ ತಾನು ಪೌರವರಾಜನಿಂದ ಧರ್ಮಾಧಿಕಾರದಲ್ಲಿ ನಿಯುಕ್ತನಾದವನೆನ್ನುತ್ತಾನೆ. ಇಬ್ಬರ ಆಕಾರವನ್ನೂ ಕಂಡುಕೊಂಡ ಸಖಿಯರು ಜನಾಂತಿಕದಲ್ಲಿ, ಈ ದಿನ ತಂದೆಯು ಇಲ್ಲಿದ್ದಿದ್ದರೆ ಎಂದು ಶಕುಂತಲೆಯನ್ನು ಕೆಣಕುತ್ತಾರೆ. ಆಕೆ ಹುಸಿಮುನಿಸಿನಿಂದ, ನಿಮ್ಮ ಮಾತನ್ನು ನಾನು ಕೇಳುವುದಿಲ್ಲ ಎನ್ನುತ್ತಾಳೆ. ಸ್ವಗತಗಳೆರಡೂ ಪರಸ್ಪರರಿಗೆ ಕೇಳಿಸವು. ಆದರೂ ಅವು ಒಂದಕ್ಕೊಂದು ಉತ್ತರವಾಗಿವೆ. ಆ ಉತ್ತರವು ನಮ್ಮಲ್ಲಿ ಸಂಧಿಸುತ್ತದೆ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರೆಂಬುದನ್ನು ಅವರಿಗಿಂತ ಮೊದಲು ನಾವು ಅರಿಯುತ್ತೇವೆ; ಶೃಂಗಾರದ ಸವಿಯೆಲ್ಲ ಈ ಮುನ್ನರಿವಿನಲ್ಲಿದೆ.

ಐದನೆಯ ಅಂಕದಲ್ಲಿ ಇದೇ ಸಾಧನವು ಕರುಣಕ್ಕೆ ತಿರುಗುತ್ತದೆ. ಶಾಪದಿಂದ ಮರೆತ ರಾಜನು ಮದುವೆಯನ್ನೇ ಸಂದೇಹಿಸಿದಾಗ, ದೂರಕ್ಕೆ ಹಬ್ಬಿದ ತನ್ನ ಆಸೆಗೆ ಇನ್ನೆಲ್ಲಿ ಎಡೆ ಎಂದು ಶಕುಂತಲೆಯು ಬೇರೆಯವರಿಗೆ ಕೇಳಿಸದಂತೆ ನುಡಿಯುತ್ತಾಳೆ. ಅನುರಾಗವೇ ಈ ಸ್ಥಿತಿಗೆ ಬಂದಮೇಲೆ ನೆನಪುಮಾಡಿ ಫಲವೇನು ಎಂದು ಮತ್ತೆ ತನ್ನೊಳಗೆ ಅಂದುಕೊಳ್ಳುತ್ತಾಳೆ. ಬಳಿಕ ಪ್ರಕಾಶದಲ್ಲಿ ‘ಆರ್ಯಪುತ್ರ’ ಎಂದು ತೊಡಗಿ, ಅರ್ಧದಲ್ಲಿಯೇ ತಡೆದು, ಮದುವೆಯೇ ಸಂದೇಹಕ್ಕೆ ಬಿದ್ದಿರುವಾಗ ಈ ಸಂಬೋಧನೆ ಸಲ್ಲದೆಂದು, ‘ಪೌರವ’ ಎಂದು ತಿದ್ದಿಕೊಳ್ಳುತ್ತಾಳೆ. ಹೆಂಡತಿಯ ಕರೆಯು ಪ್ರಜೆಯ ಕರೆಯಾಯಿತು. ಮುರಿದ ಆ ಒಂದು ಪದದಲ್ಲಿ ಸ್ವಗತಕ್ಕೂ ಪ್ರಕಾಶಕ್ಕೂ ನಡುವಣ ಗಡಿಯು ನಮ್ಮ ಕಣ್ಣೆದುರಿಗೆ ಎಳೆದಂತಾಗುತ್ತದೆ. ಅಂತರಂಗದಲ್ಲಿ ಇನ್ನೂ ಸಲ್ಲುವ ಹೆಸರು ಬಹಿರಂಗದಲ್ಲಿ ಸಲ್ಲದು. ಪಾಠದಲ್ಲಿ ಕಂಸಗಳನ್ನು ಬಿಟ್ಟು ಓದುವವನಿಗೆ ಈ ದುಃಖವು ಬರಿಯ ವಾದವಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ.

ಆಕಾಶಭಾಷಿತದ ವಿಷಯವಾಗಿ ಒಂದು ಮಾತು. ಭಾಣವೆಂಬ ರೂಪಕದಲ್ಲಿ ವಿಟನೊಬ್ಬನೇ ರಂಗದಲ್ಲಿದ್ದು, ಬೀದಿಯ ಜನರೆಲ್ಲರೊಡನೆಯೂ ಮಾತನಾಡುತ್ತಾನೆ. ೧೯೨೨ರಲ್ಲಿ ಅಚ್ಚಾಗಿ ವಿದ್ವಾಂಸರ ಕೈಸೇರಿದ ಚತುರ್ಭಾಣಿಯ ನಾಲ್ಕು ಕೃತಿಗಳೂ ಹೀಗೆ ನಡೆಯುತ್ತವೆ. ಇಲ್ಲಿ ನಾವು ಕೇಳುವುದು ಸಂಭಾಷಣೆಯ ಅರ್ಧ, ಉಳಿದರ್ಧವು ‘ಏನೆನ್ನುತ್ತೀಯೆ?’ ಎಂಬ ಅವನ ಪ್ರಶ್ನೆಯ ಮೂಲಕ, ಅವನ ಬಾಯಿಂದಲೇ ಬರುತ್ತದೆ. ಊರೆಲ್ಲವೂ ಒಬ್ಬನ ಕಿವಿಯಿಂದ ಸೋಸಿ ನಮ್ಮನ್ನು ಮುಟ್ಟುವುದರಿಂದ, ಆ ಊರಿನ ವಿಡಂಬನೆಯೂ ಅದನ್ನು ಹೇಳುವವನ ವಿಡಂಬನೆಯೂ ಒಟ್ಟಿಗೆ ಆಗುತ್ತವೆ.

೬

ಇನ್ನು ಈ ಭೇದಗಳನ್ನು ಬಿಟ್ಟ ರಂಗಭೂಮಿಗಳಲ್ಲಿ ಏನಾಯಿತೆಂಬುದನ್ನು ನೋಡೋಣ. ಗ್ರೀಕರ ದುರಂತ ನಾಟಕದಲ್ಲಿ ಮೇಳವು ಸಾಮಾನ್ಯವಾಗಿ ರಂಗವನ್ನು ಬಿಟ್ಟುಹೋಗದು; ಆದಕಾರಣ ಒಂಟಿಮಾತಿಗೆ ಅಲ್ಲಿ ಎಡೆ ಕಡಮೆ. ಸೊಫೋಕ್ಲೀಸನ ಏಜಾಕ್ಸ್ ನಾಟಕದಲ್ಲಿ ನಾಯಕನು ಸಾಯಲು ನಿಶ್ಚಯಿಸಿ, ಎಲ್ಲರೆದುರಿಗೂ ಇಬ್ಬಗೆಯ ಮಾತನ್ನಾಡುತ್ತಾನೆ; ಅವನು ಮನಸ್ಸು ಬದಲಿಸಿದನೆಂದು ತಿಳಿದ ಮೇಳವು ಹಿಗ್ಗಿ ಹಾಡುತ್ತದೆ. ಸ್ವಗತದ ಅನುಕೂಲವಿಲ್ಲದ ಕವಿಯು ಪ್ರಕಾಶವನ್ನೇ ಸೀಳಿ, ಒಂದೇ ಮಾತಿನಲ್ಲಿ ಎರಡು ಶ್ರವಣಗಳನ್ನು ಹುದುಗಿಸಿದನು. ಅನಂತರ, ಸಾವಿನ ಮುನ್ನಿನ ಮಾತಿಗಾಗಿ ಮೇಳವನ್ನೇ ಹುಡುಕಾಟದ ನೆಪದಿಂದ ಹೊರಗೆ ಕಳುಹಿಸಬೇಕಾಯಿತು. ಒಂಟಿಯಾದಮೇಲೂ ಏಜಾಕ್ಸನು ದೇವತೆಗಳನ್ನೂ ಸೂರ್ಯನನ್ನೂ ಕರೆದು ಮಾತನಾಡುತ್ತಾನೆ. ಕೇಳುವವರಿಲ್ಲದ ಮಾತು ಅವನಿಗೂ ಸಾಲದು. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಅಶ್ವತ್ಥಾಮನ್ ನಾಟಕವನ್ನು ರಚಿಸಿದ್ದು ಇದನ್ನೇ ಆಧರಿಸಿ. ಆ ಕೃತಿಯನ್ನು ಓದುವ ಕನ್ನಡ ವಿದ್ಯಾರ್ಥಿಗೆ ಎರಡು ರಂಗಸಂಪ್ರದಾಯಗಳ ಶ್ರವಣಧರ್ಮವನ್ನು ಹೋಲಿಸುವ ಅವಕಾಶವು ಮನೆಯಲ್ಲಿಯೇ ಇದೆ.

ಸ್ವಗತವನ್ನು ನಿಯಮಪೂರ್ವಕವಾಗಿ ಹೊರದೂಡಿದ ಕೀರ್ತಿ ಇಬ್ಸನನದು. ೧೮೬೯ರಲ್ಲಿ ಪ್ರಕಟವಾದ ತನ್ನ ‘ತರುಣರ ಸಂಘ’ ನಾಟಕದಲ್ಲಿ ಒಂದು ಸ್ವಗತವೂ ಇಲ್ಲವೆಂದು ಅವನು ಪತ್ರವೊಂದರಲ್ಲಿ ಹೆಮ್ಮೆಪಟ್ಟುಕೊಂಡಿದ್ದಾನೆ. ಆದರೆ ಹತ್ತು ವರ್ಷಗಳ ಬಳಿಕ, ೧೮೭೯ರಲ್ಲಿ ಬರೆದ ‘ಬೊಂಬೆಯ ಮನೆ’ಯಲ್ಲಿ, ಎರಡನೆಯ ಅಂಕದ ಕೊನೆಗೆ ನೋರಾ ಒಬ್ಬಳೇ ನಿಂತು, ತಾನು ಬದುಕಲು ಉಳಿದಿರುವ ಗಂಟೆಗಳು ಮೂವತ್ತೊಂದು ಎಂದು ಎಣಿಸುತ್ತಾಳೆ. ಅವಳ ಗುಟ್ಟನ್ನು ಗಂಡನು ಅರಿಯನು. ನಾವು ಅರಿಯದೆ ಹೋದರೆ ಆಮೇಲಿನ ಅವಳ ನಗೆಗೆ ಅರ್ಥವಿಲ್ಲ. ನಿಯಮವು ಹೋಗೆಂದದ್ದನ್ನು ನಾಟಕದ ಅಗತ್ಯವು ತಿರುಗಿ ಕರೆಯಿತು.

ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹರ್ಷನ ರತ್ನಾವಳಿಯನ್ನು ಅನುಸರಿಸಿ ಮಿತ್ರವಿಂದಾಗೋವಿಂದವನ್ನು ರಚಿಸಿದಂದಿನಿಂದಲೂ ಸಂಸ್ಕೃತದ ಪದ್ಧತಿಯು ಕನ್ನಡಕ್ಕೆ ಪರಿಚಿತ. ಆದರೆ ಜನರ ರಂಗಭೂಮಿಯಾದ ಯಕ್ಷಗಾನವು ಬೇರೊಂದು ಉಪಾಯವನ್ನು ಕಂಡುಕೊಂಡಿದೆ. ಅಲ್ಲಿ ವೇಷಧಾರಿಯು ತನ್ನ ಪರಿಚಯವನ್ನೂ ಮನೋಗತವನ್ನೂ ಭಾಗವತನನ್ನು ಕುರಿತು ಹೇಳುವ ರೂಢಿಯುಂಟು. ಭಾಗವತನು ರಂಗದಲ್ಲಿದ್ದಾನೆ, ಕಥೆಯಲ್ಲಿಲ್ಲ. ಅವನಿಗೆ ಹೇಳಿದ್ದು ಎದುರಾಳಿಗೆ ಹೇಳಿದಂತಾಗದು, ಸಭೆಗೆ ಹೇಳಿದಂತಾಗುತ್ತದೆ. ಸ್ವಗತಕ್ಕೆ ಒಂದು ಕಿವಿಯನ್ನು ರಂಗದ ಮೇಲೆಯೇ ಕೂರಿಸಿದ ಹಾಗಾಯಿತು. ಗಿರೀಶ ಕಾರ್ನಾಡರು ೧೯೭೧ರ ಹಯವದನದಲ್ಲಿ ಈ ಭಾಗವತನನ್ನು ಹೊಸ ನಾಟಕಕ್ಕೆ ಕರೆತಂದುದಲ್ಲದೆ, ಪದ್ಮಿನಿಯ ಕನಸುಗಳನ್ನು ಎರಡು ಬೊಂಬೆಗಳ 바ಯಿಂದ ಹೇಳಿಸಿದರು. ಬೊಂಬೆಗಳ ಮಾತು ಪದ್ಮಿನಿಗೂ ಕೇಳಿಸದು, ಗಂಡನಿಗೂ ಕೇಳಿಸದು, ನಮಗೆ ಕೇಳಿಸುತ್ತದೆ. ಅವಳು ತನಗೆ ತಾನೇ ಹೇಳಿಕೊಳ್ಳಲಾರದ ಸ್ವಗತವದು. ಲಕ್ಷಣಕಾರನ ಅಶ್ರಾವ್ಯವು ಇಲ್ಲಿ ಆಡುವವಳ ಬಾಯನ್ನೂ ಬಿಟ್ಟು ಉಳಿದುಕೊಂಡಿದೆ. ಉಕ್ತಿಭೇದದ ಆಧಾರವು ಬಾಯಲ್ಲ, ಕಿವಿ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

೭

ಹೀಗೆಂದಮಾತ್ರಕ್ಕೆ ಎಲ್ಲ ಸ್ವಗತವೂ ಒಳ್ಳೆಯದೆಂದು ಅರ್ಥವಲ್ಲ. ನಮಗೆ ಮೊದಲೇ ತಿಳಿದದ್ದನ್ನು ಮತ್ತೆ ಹೇಳುವ ಸ್ವಗತವೂ, ಪ್ರಕಾಶದಲ್ಲಿ ಆಡಿದರೂ ಯಾವ ಪಾತ್ರದ ನಡೆಯನ್ನೂ ಬದಲಿಸದ ಸ್ವಗತವೂ, ಕವಿಯ ನೀತಿಬೋಧೆಗೆ ಪಾತ್ರವನ್ನು ಹೊರೆಯಾಳಾಗಿ ಮಾಡುವ ಸ್ವಗತವೂ ದೋಷವೇ. ಆದರೆ ಆ ದೋಷವು ಅಸ್ವಾಭಾವಿಕತೆಯಲ್ಲ, ನಿಷ್ಪ್ರಯೋಜಕತೆ. ಈ ಮಾತು ಯಾರಿಂದ ಏನನ್ನು ಮರೆಸಿತು, ಯಾರಿಗೆ ಏನನ್ನು ಹೆಚ್ಚಾಗಿ ತಿಳಿಸಿತು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲ ಸ್ವಗತವು ಉಳಿಯತಕ್ಕದ್ದು, ಹೇಳಲಾರದ್ದನ್ನು ಬಿಡಬಹುದು.

ಹಸ್ತಪ್ರತಿಗಳಲ್ಲಿ ಈ ಸೂಚನೆಗಳು ಲಿಪಿಕಾರರ ಕೈಯಲ್ಲಿ ಬದಲಾಗುವುದುಂಟು, ಅವುಗಳ ಮೇಲೆ ಇಷ್ಟು ಭಾರ ಹೊರಿಸಬಹುದೇ ಎಂಬ ಶಂಕೆಯು ಯುಕ್ತವಾದುದೇ. ಇದಕ್ಕೆ ಪರಿಹಾರವು ಸಂವಾದದೊಳಗೇ ಇದೆ. ಮುಂದಿನ ಮಾತನ್ನು ಆಡುವವನು ಹಿಂದಿನದನ್ನು ಕೇಳಿದವನಂತೆ ನಡೆದುಕೊಳ್ಳುತ್ತಾನೆಯೇ ಇಲ್ಲವೇ ಎಂದು ಪರೀಕ್ಷಿಸಿದರೆ, ಸೂಚನೆಯು ಲೋಪವಾಗಿದ್ದರೂ ಅದನ್ನು ಊಹಿಸಬಹುದು, ತಪ್ಪಾಗಿದ್ದರೆ ತಿದ್ದಬಹುದು. ಸಂಪಾದಕರಿಗೆ ಇದೊಂದು ಪಾಠಪರೀಕ್ಷೆಯ ಕ್ರಮ. ಉಪಾಧ್ಯಾಯರಿಗೆ ಇದೊಂದು ಬೋಧನಕ್ರಮ. ಒಂದು ಪುಟವನ್ನು ತೆಗೆದುಕೊಂಡು, ಪ್ರತಿಯೊಂದು ಮಾತಿನ ಪಕ್ಕದಲ್ಲಿಯೂ ಅದನ್ನು ಕೇಳಿದವರ ಹೆಸರನ್ನು ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿದರೆ ಸಾಕು. ಲಕ್ಷಣವನ್ನು ಬಾಯಿಪಾಠ ಮಾಡಿಸದೆಯೇ ಲಕ್ಷ್ಯವು ತೆರೆದುಕೊಳ್ಳುತ್ತದೆ.

ಕನ್ನಡಕ್ಕೆ ನಾಟಕಗಳನ್ನು ತರುವವರೂ ಅಚ್ಚುಹಾಕಿಸುವವರೂ ಸ್ವಗತ, ಜನಾಂತಿಕ, ಅಪವಾರಿತಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಳ್ಳಬೇಕೆಂದು ನಮ್ಮ ಬಿನ್ನಹ. ನಾಟಕವು ದೃಶ್ಯಕಾವ್ಯವೆಂದು ನಾವು ಹೇಳುತ್ತ ಬಂದಿದ್ದೇವೆ. ಆದರೆ ಅದರಲ್ಲಿ ಕಣ್ಣಿಗೆ ಕಾಣುವುದು ಎಲ್ಲರಿಗೂ ಒಂದೇ. ಕಿವಿಗೆ ಕೇಳುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಆ ಭೇದವನ್ನು ಬಲ್ಲವನೇ ಸಹೃದಯನು.